ಜಾಹೀರಾತು ಆಮೇಲೆ, ಮೊದಲು ಪುಟ ಬೇಗ ತೆರೆಯಲಿ

ಶಿರಸಿ ಹತ್ತಿರದ ನಿಮ್ಮ ಹೋಮ್‌ಸ್ಟೇಗೆ ಏಜೆನ್ಸಿಯವರು ಚೆಂದದ ವೆಬ್‌ಸೈಟ್ ಮಾಡಿಕೊಟ್ಟರೂ ಫೋನ್ ಬರುತ್ತಿಲ್ಲ, ಗೂಗಲ್ ಜಾಹೀರಾತಿಗೆ ದುಡ್ಡು ಹಾಕಲಾ ಅಂತ ಕೇಳಿದ್ದೀರಿ. ಈಗಲೇ ಬೇಡ.

ಮೊದಲು ಗೂಗಲ್‌ನದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನುವ, ಸೈಟಿನ ವೇಗ ಅಳೆಯುವ ಪುಟದಲ್ಲಿ ನಿಮ್ಮ ಸೈಟ್ ವಿಳಾಸ ಹಾಕಿ, ಮೊಬೈಲ್ ಫಲಿತಾಂಶ ನೋಡಿ. ಉಚಿತ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಅವರ ಅಳತೆ. ಮುಖಪುಟದಲ್ಲಿ ಯಾಣದ ಬಂಡೆಯ ವಿಡಿಯೋ ತಾನಾಗಿಯೇ ಓಡುತ್ತದೆ ಅಂದಿರಿ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುತ್ತಾ ಸಿಗ್ನಲ್ ಹುಡುಕುವವರಿಗೆ ಅದು ತೆರೆಯುವುದೇ ಕಷ್ಟ, ಅಲ್ವಾ? ವಿಡಿಯೋ ತೆಗೆಸಿ. ಫೋಟೋಗಳನ್ನು ವೆಬ್‌ಪಿ (WebP) ಅನ್ನುವ ಹಗುರ ಫೈಲ್ ಮಾದರಿಗೆ ಬದಲಿಸಲು ಹೇಳಿ. ಒತ್ತಿದರೆ ಕರೆ ಹೋಗುವ ನಂಬರ್ ಮೇಲೆಯೇ ಇರಲಿ.

ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟ ಮತ್ತು ನಕ್ಷೆಯಲ್ಲಿ ಕಾಣುವ ನಿಮ್ಮ ಹೋಮ್‌ಸ್ಟೇ ವಿವರ, ಕೂಡ ಉಚಿತ. ನಕ್ಷೆಯ ಗುರುತು ನಿಮ್ಮ ಅಂಗಳದಲ್ಲೇ ಬೀಳಬೇಕು. ನಮ್ಮ ಕಡೆ ತೋಟದ ನಡುವಿನ ಒಂಟಿ ಮನೆಗಳೇ ಜಾಸ್ತಿ, ಗುರುತು ತಪ್ಪಿದರೆ ಬಂದವರು ಸುಮ್ನೆ ಸುತ್ತುತ್ತಾರೆ.

ಇನ್ನು, ನೀವು, ತಮ್ಮ, ಅತ್ತಿಗೆ ಮೂವರೂ ಏಜೆನ್ಸಿಗೆ ಬೇರೆ ಬೇರೆ ವಾಟ್ಸಾಪ್ ಕಳಿಸುವುದು ಬೇಡ. ಮನೆಯಲ್ಲಿ ಮಾತಾಡಿಕೊಂಡು ಒಬ್ಬರೇ ಹೇಳಿ. ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಲ್ಲಿದೆ ಅಂತ ಇವತ್ತೇ ಕೇಳಿ. ಏಜೆನ್ಸಿಯವರ ಹೆಸರಲ್ಲಿದ್ದರೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.