ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹಬ್ಬಿದೆ. ಎಷ್ಟು ಕಾಲ ಬದುಕುತ್ತಾರೆ ಅನ್ನೋದು ಜೀನ್ ಮೇಲಿದೆಯಾ, ದುಡ್ಡಿನ ಮೇಲಿದೆಯಾ?

ಅಮೆರಿಕದಲ್ಲಿರುವ ನಿಮ್ಮ ಅಣ್ಣ ‘ಇಲ್ಲಿ ಕಪ್ಪು ಜನಕ್ಕೆ ಈ ಕ್ಯಾನ್ಸರ್ ಬಂದರೆ ಬೇಗ ಹೋಗಿಬಿಡ್ತಾರೆ, ಎಲ್ಲ ಜೀನ್ ಆಟ’ ಅಂದರಂತೆ. ಹಾಗಾದರೆ ನಮ್ಮ ಜನರ ಜೀನ್ ಯಾವ ಕಡೆ, ಆಲೂರಿನಲ್ಲಿರುವ ಅಪ್ಪನಿಗೆ ಇನ್ನೆಷ್ಟು ಕಾಲ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಅವರನ್ನು ನೋಡುತ್ತಿರುವ ಡಾಕ್ಟರೇ ಉತ್ತರ ಕೊಡಬೇಕು. ಮೊದಲನೆಯದರ ಬಗ್ಗೆ ನಾನು ಒಂದಿಷ್ಟು ಹೇಳಬಲ್ಲೆ. ಸಕಲೇಶಪುರದಲ್ಲಿ 22 ವರ್ಷದಿಂದ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಈ ಕಾಯಿಲೆಯವರಲ್ಲಿ ಯಾರು ಯಾವ ತಿಂಗಳು ಮಾತ್ರೆ ಕೊಂಡರು, ಯಾವ ತಿಂಗಳು ಬರಲಿಲ್ಲ ಅನ್ನೋದು ನನ್ನ ಬಿಲ್ ಪುಸ್ತಕ ನೋಡಿದರೇ ಗೊತ್ತಾಗುತ್ತದೆ.

ಅಣ್ಣನ ಮಾತು ಅರ್ಧ ನಿಜ. ಅಮೆರಿಕದಲ್ಲಿ ಬಿಳಿಯರಿಗೆ ಹೋಲಿಸಿದರೆ ಕಪ್ಪು ಗಂಡಸರು ಈ ಕ್ಯಾನ್ಸರಿನಿಂದ ಸಾಯುವ ಪ್ರಮಾಣ ಹೆಚ್ಚುಕಮ್ಮಿ ಎರಡು ಪಟ್ಟು. ಕಾಯಿಲೆ ಬರುವುದೇ ಅವರಲ್ಲಿ ಜಾಸ್ತಿ, ಅದರಲ್ಲಿ ವಂಶವಾಹಿಯ ಪಾಲೂ ಇದೆ. ಆದರೆ ಬರುವುದು ಬೇರೆ, ಬಂದ ಮೇಲೆ ಬದುಕುವುದು ಬೇರೆ. ಡ್ಯೂಕ್ ವಿಶ್ವವಿದ್ಯಾಲಯದ ಸೂಸನ್ ಹಲಾಬಿ ಮತ್ತು ಸಂಗಡಿಗರು 9 ಪ್ರಯೋಗಗಳ 8,820 ರೋಗಿಗಳ ಲೆಕ್ಕವನ್ನು ಒಟ್ಟುಮಾಡಿ 2019ರಲ್ಲಿ ಪ್ರಕಟಿಸಿದರು. ಎಲ್ಲರದ್ದೂ ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಮುಂದುವರಿದ ಹಂತ, ಎಲ್ಲರಿಗೂ ಡೋಸಿಟ್ಯಾಕ್ಸೆಲ್ ಕಿಮೋ. ಕಪ್ಪು ಜನರದ್ದೂ ಬಿಳಿಯರದ್ದೂ ಬದುಕಿನ ಮಧ್ಯಮಾವಧಿ, ಅಂದರೆ ಅರ್ಧದಷ್ಟು ಜನ ದಾಟಿದ ಕಾಲ, 21 ತಿಂಗಳೇ ಬಂತು. ವಯಸ್ಸು, ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನ್, ರಕ್ತ ಪರೀಕ್ಷೆಯಲ್ಲಿ ಅಳೆಯುತ್ತಾರೆ) ಮುಂತಾದುವನ್ನು ಸರಿದೂಗಿಸಿ ನೋಡಿದಾಗ ಕಪ್ಪು ಜನರ ಸಾವಿನ ಸಾಧ್ಯತೆ ಶೇ 19ರಷ್ಟು ಕಡಿಮೆಯೇ ಇತ್ತು! ಅಲ್ಲಿ ಮಾಜಿ ಸೈನಿಕರಿಗೆ ಸರ್ಕಾರವೇ ನಡೆಸುವ ಆಸ್ಪತ್ರೆಗಳಲ್ಲೂ ಈ ಅಂತರ ಬಹುಮಟ್ಟಿಗೆ ಕಾಣದಾಗುತ್ತದೆ. ನನಗೊಂದು ಕೊಂಕು ಇದ್ದೇ ಇದೆ: ಅಷ್ಟು ಸಾವಿರ ಜನರಲ್ಲಿ ಕಪ್ಪು ಜನ ಬರೀ 500. ಪ್ರಯೋಗದ ಬಾಗಿಲವರೆಗೆ ಬರಲು ಆದವರು ಅಷ್ಟೇ. ಬರಲಾಗದವರ ಕತೆ ಆ ಲೆಕ್ಕದಲ್ಲಿಲ್ಲ.

ಬರಲಾಗದವರನ್ನು ನಾನು ಕಂಡಿದ್ದೇನೆ. ಒಬ್ಬ ಎಸ್ಟೇಟ್ ಲೈನ್ ಮನೆಯಲ್ಲಿದ್ದವನು, ಅರವತ್ತರ ಆಸುಪಾಸು. ಸಂತೆಗೆ ಬಂದಾಗಲೆಲ್ಲ ‘ಅಣ್ಣಾ, ಸೊಂಟ ಹಿಡ್ಕೊಂಡದೆ, ಎರಡು ಮಾತ್ರೆ ಕೊಡು’ ಅನ್ನೋನು. ಗೊಬ್ಬರದ ಮೂಟೆ ಹೊರೋ ಸೊಂಟ, ನೋಯದೆ ಇನ್ನೇನು ಅಂದುಕೊಂಡು ಡೈಕ್ಲೋಫೆನಾಕ್ ಕೊಡುತ್ತಿದ್ದೆ. ಚೀಟಿ ಇಲ್ಲದೆ ಕೊಡಬಾರದು, ಕೊಟ್ಟೆ. ಸ್ಟ್ರಿಪ್ಪನ್ನು ಎರಡು ಮಡಿಕೆ ಮಾಡಿ ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿ ಪಕ್ಕ ತುರುಕಿಕೊಂಡು ಹೋಗುತ್ತಿದ್ದ. ಹೀಗೆ ಏಳು ತಿಂಗಳು. ಒಂದು ಸಲ ಹೆಂಡತಿ ಜೊತೆಗಿದ್ದಳು, ‘ರಾತ್ರಿ ಐದಾರು ಸಲ ಎದ್ದು ಹೋಗ್ತಾರೆ’ ಅಂದಳು. ಸಕ್ಕರೆ ಕಾಯಿಲೆ ಇರಬಹುದು, ಟೆಸ್ಟ್ ಮಾಡಿಸಿ ಅಂದೆ. ‘ಕುಯ್ಲು ಮುಗೀಲಿ’ ಅಂದ. ಕಾಫಿ ಕುಯ್ಲಿನ ಹೊತ್ತಲ್ಲಿ ನಮ್ಮ ಕಡೆ ಸಾಯುವುದಕ್ಕೂ ಪುರುಸೊತ್ತಿರುವುದಿಲ್ಲ, ನಿಮಗೂ ಗೊತ್ತು. ಕುಯ್ಲು ಮುಗಿಯುವಷ್ಟರಲ್ಲಿ ಅವನನ್ನು ಇಬ್ಬರು ಹಿಡಿದುಕೊಂಡು ಅಂಗಡಿ ಮೆಟ್ಟಿಲು ಹತ್ತಿಸಿದರು. ಕಾಲಲ್ಲಿ ಶಕ್ತಿಯೇ ಇರಲಿಲ್ಲ. ಹಾಸನದಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಪಿಎಸ್‌ಎ ಸಾಮಾನ್ಯವಾಗಿ 4ರ ಒಳಗಿರಬೇಕು, ಅವನದ್ದು 900 ದಾಟಿತ್ತು. ಬೆನ್ನುಮೂಳೆಯ ಗಡ್ಡೆ ನರದ ಹುರಿಯನ್ನೇ ಅಮುಕಿತ್ತು. ಮತ್ತೆ ನಡೆಯಲಿಲ್ಲ. ಹದಿನಾಲ್ಕು ತಿಂಗಳಿದ್ದ.

ಅದೇ ಹೋಬಳಿಯ ಒಬ್ಬ ಪ್ಲಾಂಟರ್‌ಗೆ ಬೆಂಗಳೂರಿನ ವರ್ಷದ ಚೆಕಪ್ಪಿನಲ್ಲಿ ಪಿಎಸ್‌ಎ 11 ಅಂತ ಬಂದು, ಗಡ್ಡೆ ಗ್ರಂಥಿಯೊಳಗೇ ಇರುವಾಗ ಸಿಕ್ಕಿತು. ಈಗಲೂ ಬುಲೆಟ್ ಓಡಿಸುತ್ತಾರೆ. ಒಂದೇ ಹೊಳೆ ನೀರು ಕುಡಿದವರು ಇಬ್ಬರೂ. ಇದರಲ್ಲಿ ಜೀನ್ ಎಲ್ಲಿ ಹುಡುಕಲಿ?

ಅಂದಿನಿಂದ ಐವತ್ತೈದು ದಾಟಿದ ಗಂಡಸು ಸೊಂಟನೋವಿನ ಮಾತ್ರೆ ಕೇಳಿದರೆ ‘ರಾತ್ರಿ ಎಷ್ಟು ಸಲ ಏಳ್ತೀರಿ?’ ಅಂತ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ.

ನಿಮ್ಮ ಅಪ್ಪನಿಗೆ ಕಾಯಿಲೆ ಗೊತ್ತಾಗಿದೆ, ಸರಿ. ಅಲ್ಲಿಂದ ಮುಂದೆಯೂ ದುಡ್ಡು ಇಂಚಿಂಚಾಗಿ ಆಯುಸ್ಸಿಗೆ ಕೈ ಹಾಕುತ್ತದೆ. ಈ ಕ್ಯಾನ್ಸರಿಗೆ ಗಂಡಸಿನ ಹಾರ್ಮೋನೇ ಮೇವು. ಅದನ್ನು ನಿಲ್ಲಿಸಿದರೆ ಗಡ್ಡೆ ಕುಗ್ಗುತ್ತದೆ ಅಂತ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದರು, 1966ರಲ್ಲಿ ಅದಕ್ಕೆ ನೊಬೆಲ್ ಬಂತು. ನಿಲ್ಲಿಸಲು ಎರಡು ದಾರಿ. ಒಂದು, ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಜೀವ ಇರೋವರೆಗೆ. ಇನ್ನೊಂದು, ಒಂದೇ ಸಲದ ಸಣ್ಣ ಆಪರೇಷನ್, ಬೀಜ ತೆಗೆಯುವುದು. ಹಾರ್ಮೋನ್ ಇಳಿಸುವುದರಲ್ಲಿ ಎರಡೂ ಒಂದೇ. ಆದರೆ ಆಪರೇಷನ್ ಅಂದ ತಕ್ಷಣ ‘ಹೋರಿಗೆ ಬೀಜ ಒಡೆಸಿದ ಹಾಗೆ ನನಗೂ ಮಾಡ್ತೀರಾ’ ಅಂತ ಎದ್ದು ಬಂದವರನ್ನು ನೋಡಿದ್ದೇನೆ. ಅವರ ಮರ್ಯಾದೆ ಅವರದ್ದು, ತಪ್ಪು ಅನ್ನಲಾರೆ. ಕಷ್ಟ ಏನೆಂದರೆ ಹಾಗೆ ಬಂದವರೇ ಇಂಜೆಕ್ಷನ್ ಅನ್ನು ಮಳೆಗಾಲಕ್ಕೆ ಒಂದು ಸಲ, ಮಗಳ ಮದುವೆಗೆ ಒಂದು ಸಲ ತಪ್ಪಿಸುತ್ತಾರೆ. ತಪ್ಪಿಸಿದರೆ ಹಾರ್ಮೋನ್ ಮತ್ತೆ ಏರುತ್ತದೆ. ಕೈಯಲ್ಲಿ ಕಾಸು ಓಡಾಡದ ಮನೆಯವರಿಗೆ ಆಪರೇಷನ್ನೇ ಮೇಲು ಅಂತ ನನ್ನ ಅಭಿಪ್ರಾಯ.

ಹಾರ್ಮೋನ್ ಇಳಿಸಿದರೆ ಮುಗಿಯಿತು ಅಂತ ಕೂತುಬಿಡುವುದು ಇನ್ನೊಂದು ಪ್ರಮಾದ. ಮೊದಲಿನಿಂದಲೇ ಅದರ ಜೊತೆ ಡೋಸಿಟ್ಯಾಕ್ಸೆಲ್ ಆರು ಸುತ್ತು ಕೊಟ್ಟಾಗ ಬದುಕಿನ ಮಧ್ಯಮಾವಧಿ 44 ತಿಂಗಳಿಂದ 57.6ಕ್ಕೆ ಏರಿದ್ದನ್ನು 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ತೋರಿಸಿತು. ವರ್ಷಕ್ಕೂ ಮೇಲೆ! ಕಿಮೋ ತಡೆಯದವರಿಗೆ ಅಬಿರಾಟೆರೋನ್ ಮಾತ್ರೆ ಇದೆ: ದಿನಕ್ಕೆ 250 ಮಿಲಿಗ್ರಾಮಿನವು ನಾಲ್ಕು, ಖಾಲಿ ಹೊಟ್ಟೆಗೆ, ಜೊತೆಗೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ. ತಿಂಗಳಿಗೆ 120 ಮಾತ್ರೆ. ನನ್ನ ಗಿರಾಕಿಯೊಬ್ಬರು 60 ಮಾತ್ರೆ ಕೊಂಡು ಹೋಗೋರು, ಎರಡು ತಿಂಗಳಿಗೊಮ್ಮೆ. ಕೇಳಿದರೆ ‘ದಿನ ಬಿಟ್ಟು ದಿನ ಎರಡೆರಡು ತಗೋತೀನಿ ಕಣಯ್ಯ’ ಅಂದರು. ಯಾರಿಗೂ ಹೇಳಿರಲಿಲ್ಲ. ಷಿಕಾಗೋ ವಿಶ್ವವಿದ್ಯಾಲಯದವರ ಮುಂದಾಳತ್ವದಲ್ಲಿ 72 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, 2018ರಲ್ಲಿ ಪ್ರಕಟವಾದದ್ದು, ಒಂದೇ ಮಾತ್ರೆಯನ್ನು ತಿಂಡಿಯ ಜೊತೆ ಕೊಟ್ಟಾಗಲೂ ಪಿಎಸ್‌ಎ ನಾಲ್ಕು ಮಾತ್ರೆ ಕೊಟ್ಟಾಗಿನಷ್ಟೇ ಇಳಿದಿತ್ತು; ಊಟದ ಜೊತೆ ಈ ಔಷಧ ರಕ್ತಕ್ಕೆ ಹೆಚ್ಚು ಸೇರುತ್ತದೆ. ತಿಂಗಳಿಗೆ 120 ಮಾತ್ರೆ ಇದ್ದದ್ದು 30. ಸಣ್ಣ ಪ್ರಯೋಗ, ನಿಜ. ಡಾಕ್ಟರ್ ಬಾಯಿಂದ ಬರದೆ ನೀವಾಗಿ ಮಾಡಬೇಡಿ. ಆದರೆ ‘ಪೂರ್ತಿ ಕೊಳ್ಳೋ ಶಕ್ತಿ ಇಲ್ಲ, ಬೇರೆ ದಾರಿ ಇದೆಯಾ ಸಾರ್’ ಅಂತ ಬಾಯಿ ಬಿಟ್ಟು ಕೇಳಿ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30. ಕಾರ್ಡ್ ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಆದರೆ ಕಾರ್ಡಿನಲ್ಲಿ ಕೂಲಿ ಬರುವುದಿಲ್ಲ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಅಂತ ಬೆಂಗಳೂರಿಗೆ ಹೊರಟರೆ ರೋಗಿಯ ಜೊತೆ ಒಬ್ಬರು, ಇಬ್ಬರದ್ದೂ ಎರಡು ದಿನ ಹೋಯಿತು. 2017ರಲ್ಲಿ ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ರೈಲು ಬಂದ ಮೇಲೆ ಸ್ವಲ್ಪ ಹಗುರವಾಗಿದೆ. ಕಿಮೋ ಆದ ಮಾರನೇ ದಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬರುವುದಕ್ಕಿಂತ ವಾಸಿ.

ಒಂದು ಮಾತ್ರ ಈಗಲೇ ತಲೆಯಲ್ಲಿಟ್ಟುಕೊಳ್ಳಿ. ಅಪ್ಪನಿಗೆ ಬೆನ್ನುನೋವು ದಿಢೀರ್ ಜಾಸ್ತಿಯಾಗಿ ಕಾಲು ಜೋಮು ಹಿಡಿದರೆ, ನಡೆಯುವಾಗ ತೊಡರಿದರೆ, ಮೂತ್ರ ಕಟ್ಟಿಕೊಂಡರೆ, ರಾತ್ರಿ ಹನ್ನೆರಡಾದರೂ ಗಾಡಿ ಮಾಡಿಕೊಂಡು ಹಾಸನಕ್ಕೆ ಹೊರಡಿ. ಬೆಳಗಿನ ಮೊದಲ ಬಸ್ಸಿಗೆ ಕಾಯಬೇಡಿ.