ಚೈನಾಗ್ರಾಸಿನಿಂದಲೇ ಶುರು ಮಾಡಿ

ನಮಸ್ಕಾರ. ಪೆರ್ಲದಿಂದ ನೀವು ಕಳ್ಸಿದ ‘ಜೆಲ್ಲಿನೊಳಗಿನ ಅಯಸ್ಕಾಂತ’ ಲೇಖನ ಎರಡು ಸಲ ಓದಿದೆ. ಹೀಗೇ ಹಾಕ್ಲಿಕ್ಕೆ ಆಗುದಿಲ್ಲ, ಆದ್ರೆ ವಾಪಸ್ ಕಳ್ಸಿ ಸುಮ್ಮನಾಗ್ಲಿಕ್ಕೂ ಮನಸಿಲ್ಲ.

ಆರು ಪುಟದಲ್ಲಿ ನಾಲ್ಕು ಇತಿಹಾಸಕ್ಕೇ ಹೋಯ್ತು ಮಾರಾಯ್ರೆ. ತೆಳು ಲೋಹದ ಪದರಗಳಿಗೆ ಮ್ಯಾಗ್ನೆಟಿಕ್ ಫೀಲ್ಡ್ ಕೊಟ್ರೆ ಕರೆಂಟಿಗಾಗುವ ಅಡ್ಡಿ, ಅಂದ್ರೆ ರೆಸಿಸ್ಟೆನ್ಸ್, ತುಂಬ ಇಳೀತದೆ (ಅದೇ ನಿಮ್ಮ ‘ಕಾಂತಪ್ರತಿರೋಧಕತ್ವ’) ಅಂತ 1988ರಲ್ಲಿ ವಿಜ್ಞಾನಿಗಳಾದ ಫೆರ್ಟ್, ಗ್ರುನ್‌ಬರ್ಗ್ ಬೇರೆಬೇರೆಯಾಗಿ ಕಂಡುಹಿಡಿದದ್ದು, ಅದಕ್ಕೆ ಸಿಕ್ಕಿದ 2007ರ ನೊಬೆಲ್, ಅದ್ರಿಂದ ಡಾಟಾ ಓದ್ತಿದ್ದ ಹಾರ್ಡ್‌ಡಿಸ್ಕ್, ಎಲ್ಲ ಸರಿಯೇ, ಮೂರು ವಾಕ್ಯ ಸಾಕು. ನಿಮ್ಗೆ ಬೇಕಾದದ್ದು 1992, ತಾಮ್ರದೊಳಗೆ ಕೋಬಾಲ್ಟ್ ಕಣ ಚದುರಿದ್ರೂ ಅದೇ ಪರಿಣಾಮ ಸಿಗ್ತದೆ ಅಂತ ಗೊತ್ತಾದದ್ದು, ಪದರ ಇಲ್ಲದೆ ಬರೀ ಕಣ ಸಾಕು ಅಂತಾದ್ಮೇಲೆ ತಾನೆ ಜೆಲ್ಲಿನ ಮಾತು ಬರುದು. ಅದೇ ಇಲ್ಲ.

ಮತ್ತೆ ‘ಮ್ಯಾಗ್ನೆಟ್ ಎಲೆಕ್ಟ್ರಾನನ್ನು ಎಳೆಯುವುದರಿಂದ ರೆಸಿಸ್ಟೆನ್ಸ್ ಕಡಿಮೆಯಾಗುತ್ತದೆ’ ಅಂತ ಬರ್ದದ್ದು ತಪ್ಪು. ಎಲೆಕ್ಟ್ರಾನಿಗೆ ಸ್ಪಿನ್ ಉಂಟು, ಅಂದ್ರೆ ಅದೇ ಒಂದು ಪುಟ್ಟ ಅಯಸ್ಕಾಂತದ ಹಾಗೆ ಮೇಲೆ ಇಲ್ಲಾ ಕೆಳಗೆ ಮುಖ ಮಾಡಿರ್ತದೆ. ಕಣಗಳ ಮ್ಯಾಗ್ನೆಟಿಸಮ್ ಒಂದೊಂದು ದಿಕ್ಕಿಗಿದ್ರೆ ಯಾವ ಸ್ಪಿನ್ನಿನದ್ದಾದ್ರೂ ಎಲ್ಲೋ ಒಂದು ಕಡೆ ಅಡ್ಡಿಯಾಗಿ ಚದುರ್ತದೆ, ಫೀಲ್ಡ್ ಕೊಟ್ಟು ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸಿದ್ರೆ ಒಂದು ಬಗೆಯ ಸ್ಪಿನ್ನಿಗೆ ದಾರಿ ಸಲೀಸು. ಸ್ಪಿನ್ ಹಾಗೇ ಉಳಿಯುದು ತೀರಾ ಸಣ್ಣ ದೂರಕ್ಕೆ, ಅದಕ್ಕೇ ಕಣ ಅಷ್ಟು ಸಣ್ಣದಿರ್ಬೇಕು, ಹತ್ರಹತ್ರ ಇರ್ಬೇಕು.

ನಿಮ್ಮ ನಿಜವಾದ ಲೇಖನ ಕೊನೇ ಪುಟದ ನಾಲ್ಕು ಸಾಲಲ್ಲಿ ಉಂಟು. ಅಮ್ಮ ಪುಡ್ಡಿಂಗಿಗೆ ತಂದ ಚೈನಾಗ್ರಾಸ್, ಅಂದ್ರೆ ಅಗರ್, ಕಾಯಿಸಿ ಕಬ್ಬಿಣದ ಪುಡಿ ಹಾಕಿ ಗಟ್ಟಿಯಾಗುವ ಮೊದ್ಲೇ ಮ್ಯಾಗ್ನೆಟ್ ಹಿಡಿದಾಗ ಪುಡಿ ಸಾಲುಗಟ್ಟಿ ನಿಂತದ್ದು! ಜರ್ಮನಿಯ ಬೀಲೆಫೆಲ್ಡ್ ಯುನಿವರ್ಸಿಟಿಯವರು ಕೋಬಾಲ್ಟ್ ನ್ಯಾನೊಕಣ (ತೀರಾ ಸಣ್ಣ ಕಣ) ಹಾಕಿ ನೋಡಿದ ಅಗರೋಸ್ ಜೆಲ್ ಕೂಡ ಇದೇ ಅಗರಿನಿಂದ ತೆಗೆಯುದು. ನಿಮ್ಮ ಪುಡಿ ದಪ್ಪ, ಸ್ಪಿನ್ ಪರಿಣಾಮ ಅದ್ರಲ್ಲಿ ಕಾಣ್ಲಿಕ್ಕಿಲ್ಲ, ಅದನ್ನೂ ಬರೀರಿ. ಆದ್ರೆ ಮುಖ್ಯ ಪ್ರಶ್ನೆ ಅಲ್ಲೇ ಉಂಟು ನೋಡಿ, ಲೋಹದಲ್ಲಿ ಕಣ ಅಲುಗುದಿಲ್ಲ, ಮೆತ್ತಗಿನ ಜೆಲ್ಲಲ್ಲಿ ಅಲುಗ್ತದೆ, ಹಾಗಾದ್ರೆ ಫೀಲ್ಡ್ ಕೊಟ್ಟಾಗ ರೆಸಿಸ್ಟೆನ್ಸ್ ಇಳಿದದ್ದು ಸ್ಪಿನ್ನಿಂದಲೋ, ಕಣಗಳು ಒಂದಕ್ಕೊಂದು ತಾಗಿ ಹೊಸ ದಾರಿ ಆದದ್ರಿಂದಲೋ? ಮೊದ್ಲು ಸಾಲು ಕಟ್ಟಿಸಿ, ಜೆಲ್ ಗಟ್ಟಿಯಾಗ್ಲಿಕ್ಕೆ ಬಿಟ್ಟು, ಮತ್ತೆ ಫೀಲ್ಡ್ ಏರಿಸಿ ಇಳಿಸಿ ಅಳೆದ್ರೆ ಎರಡನ್ನೂ ಸುಮಾರಾಗಿ ಬೇರೆ ಮಾಡ್ಲಿಕ್ಕೆ ಆಗ್ತದೆ. ಮೇಲಿಂದ ಜೆಲ್ಲಲ್ಲಿ ಅಯಾನುಗಳೂ (ಚಾರ್ಜ್ ಇರುವ ಪರಮಾಣುಗಳು) ಕರೆಂಟ್ ಒಯ್ತವೆ, ಡಿಸಿ (ಒಂದೇ ದಿಕ್ಕಿನ ಕರೆಂಟ್) ಕೊಟ್ರೆ ಅವು ಎಲೆಕ್ಟ್ರೋಡಿನ ಹತ್ರ ಜಮಾ ಆಗಿ ರೀಡಿಂಗ್ ಜಾರ್ತಾ ಹೋಗ್ತದೆ, ಎಸಿ (ದಿಕ್ಕು ಬದಲಾಗ್ತಾ ಇರುವ ಕರೆಂಟ್) ಕೊಟ್ಟು ಅಳೆಯುದು ಅದಕ್ಕೇ. ಓದುವವ್ರಿಗೆ ಇದೆಲ್ಲ ಬೇಕು, ಯಾರೂ ಬಿಡಿಸಿ ಹೇಳುದಿಲ್ಲ.

‘ಕಾಂತಪ್ರತಿರೋಧಕತ್ವ’ ಒಂದೇ ಪ್ಯಾರಾದಲ್ಲಿ ಒಂಬತ್ತು ಸಲ ಬಂದಿದೆ, ಒಮ್ಮೆ ಅರ್ಥ ಹೇಳಿ ಆಮೇಲೆ ಸುಲಭ ಮಾತಲ್ಲಿ ಹೋಗಿ. ಕಾಸರಗೋಡಿನ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಓದ್ಲಿಕ್ಕೆ ಸಿಗುದೇ ಕಡಿಮೆ, ಸಿಕ್ಕಿದ್ದು ಅವ್ರನ್ನು ಹೆದರಿಸಬಾರ್ದು.

ಮೂರು ಪುಟ ಮಾಡಿ, ಮಳೆ ಹಿಡಿಯುವ ಮೊದ್ಲು ಕಳ್ಸಿ. ಆ ಚೈನಾಗ್ರಾಸಿನ ಫೋಟೋ ತೆಗ್ದಿದ್ರೆ ಅದನ್ನೂ ಕಳ್ಸಿ.