ತೋಟದ ಪ್ರಶ್ನೋತ್ತರ: ಬಿಸಿಲು ನಾಡಿನಲ್ಲಿ ಲ್ಯಾವೆಂಡರ್ ಸವರುವ ಬಗೆ

ಪ್ರಶ್ನೆ: ಎರಡು ವರ್ಷಗಳ ಹಿಂದೆ ನರ್ಸರಿಯಿಂದ ತಂದ ಲ್ಯಾವೆಂಡರ್ ಗಿಡವನ್ನು ಮನೆಯ ಮುಂದಿನ ಎರೆಮಣ್ಣಿನಲ್ಲಿಯೇ ನೆಟ್ಟಿದ್ದೆ. ಎರಡು ಚಳಿಗಾಲ ಹೂ ಕೊಟ್ಟಿತು. ಅನಂತರ ನಡುಭಾಗ ಬೋಳಾಗಿ ಬರಿಯ ಕಟ್ಟಿಗೆಯಂತೆ ಕಾಣತೊಡಗಿತು. ಮಲ್ಲಿಗೆಯನ್ನು ಸವರುವ ಹಾಗೆಯೇ ಏಪ್ರಿಲ್‌ನಲ್ಲಿ ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿದೆ. ಒಂದು ಮಗ್ಗುಲು ಚಿಗುರಿದೆ, ಇನ್ನೊಂದು ಮಗ್ಗುಲು ಹಾಗೆಯೇ ನಿಂತಿದೆ. ಗಿಡ ಉಳಿದೀತೇ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಚಿಗುರಿದ ಮಗ್ಗುಲು ಉಳಿಯುತ್ತದೆ. ಚಿಗುರದ ಮಗ್ಗುಲಿನ ಕೊಂಬೆಗಳ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿರಿ. ಒಳಗೆ ಹಸಿರು ಕಂಡರೆ ಇನ್ನೂ ಒಂದು ತಿಂಗಳು ಕಾಯಬಹುದು. ಕಂದು ಬಣ್ಣವಿದ್ದು ಕೊಂಬೆ ಲಟಕ್ಕನೆ ಮುರಿದರೆ ಅದನ್ನು ಬುಡದವರೆಗೂ ತೆಗೆದುಹಾಕಿರಿ.

ನಿಮ್ಮ ಕೈಯಿಂದ ಆದದ್ದು ನಮ್ಮ ಸೀಮೆಯಲ್ಲಿ ಯಾರಿಂದಲಾದರೂ ಆಗಬಹುದಾದ ತಪ್ಪು. ಹಡಗಲಿಯ ಮಲ್ಲಿಗೆಯನ್ನು ಕಂಡು ಬೆಳೆದವರು ನಾವು. ಮಲ್ಲಿಗೆಯನ್ನು ಎಷ್ಟು ಗಟ್ಟಿಯಾಗಿ ಸವರಿದರೆ ಅಷ್ಟು ಹುರುಪಿನಿಂದ ಚಿಗುರುತ್ತದೆ, ದಾಳಿಂಬೆ ದ್ರಾಕ್ಷಿಗಳೂ ಚಾಟ್ನಿ (ಸವರುವಿಕೆ) ಆದ ಮೇಲೆ ಹಳೆಯ ಕೊಂಬೆಯಿಂದಲೇ ಹೊಸ ಕುಡಿ ಒಡೆಯುತ್ತವೆ. ಲ್ಯಾವೆಂಡರಿನ ಸ್ವಭಾವ ಬೇರೆ. ಅದರ ಕಾಂಡ ಬಲಿತು ಕಂದು ಕಟ್ಟಿಗೆಯಾದ ಮೇಲೆ ಅಲ್ಲಿಂದ ಹೊಸ ಮೊಗ್ಗು ಹೊರಡುವುದು ಅಪರೂಪ. ಆದುದರಿಂದ ಎಲೆ ಇಲ್ಲದ ಕಟ್ಟಿಗೆಗೆ ಕತ್ತರಿ ತಾಗಿಸಬಾರದು ಎಂಬ ಒಂದೇ ನಿಯಮವನ್ನು ಬಿಗಿಯಾಗಿ ಪಾಲಿಸಿದರೂ ಗಿಡದ ಆಯುಷ್ಯ ಹೆಚ್ಚುತ್ತದೆ. ಕತ್ತರಿಸುವ ಮುನ್ನ ಕೊಂಬೆಯ ಮೇಲೆ ಕೈಯಾಡಿಸುತ್ತ ಕೆಳಗಿಳಿಯಿರಿ. ಬೂದುಹಸಿರು ಎಲೆಗಳು ಎಲ್ಲಿ ಮುಗಿಯುತ್ತವೆಯೋ ಅಲ್ಲಿಂದ ಎರಡು ಬೆರಳು ಮೇಲಕ್ಕೆ ಬಂದು ಕತ್ತರಿಸಿರಿ. ಹಸಿರು ಭಾಗದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಒಮ್ಮೆಗೆ ತೆಗೆಯುವ ಅಗತ್ಯವಿಲ್ಲ.

ನಡುಭಾಗ ಬೋಳಾದದ್ದಕ್ಕೆ ಕಾರಣ ಕತ್ತರಿ ಹಾಕಿದ್ದಲ್ಲ, ಮೊದಲ ಎರಡು ವರ್ಷ ಹಾಕದೆ ಬಿಟ್ಟದ್ದು. ಸವರದ ಗಿಡ ತುದಿಯಲ್ಲಿ ಮಾತ್ರ ಬೆಳೆಯುತ್ತ ಹೋಗುತ್ತದೆ, ಒಳಗೆ ಬೆಳಕು ಬೀಳದೆ ಎಲೆ ಉದುರುತ್ತದೆ, ಭಾರಕ್ಕೆ ಕೊಂಬೆಗಳು ಹೊರಕ್ಕೆ ವಾಲಿ ನಡುವೆ ಸೀಳಿದಂತಾಗುತ್ತದೆ. ಎಳೆಯ ಗಿಡ ಒಂದು ಗೇಣು ಎತ್ತರವಾದಾಗಲೇ ತುದಿ ಚಿವುಟಿ, ಅನಂತರ ಪ್ರತಿ ವರ್ಷ ಗುಂಡಗೆ, ಬೋರಲು ಹಾಕಿದ ಬುಟ್ಟಿಯ ಆಕಾರಕ್ಕೆ ಸವರುತ್ತಾ ಬಂದರೆ ಈ ಸ್ಥಿತಿ ಬರುವುದಿಲ್ಲ.

ಇನ್ನು ಕಾಲದ ಮಾತು. ತಂಪು ದೇಶಗಳ ತೋಟಗಾರರು ಬೇಸಿಗೆಯ ಕೊನೆಯಲ್ಲಿ ಸವರಬೇಕೆನ್ನುತ್ತಾರೆ, ಏಕೆಂದರೆ ಅಲ್ಲಿ ಬೇಸಿಗೆಯೇ ಹೂವಿನ ಕಾಲ. ನಮ್ಮಲ್ಲಿ ಅದನ್ನು ಹಾಗೆಯೇ ಅನುಸರಿಸಲು ಬರುವುದಿಲ್ಲ. 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಸವರಿದರೆ, ಅಷ್ಟು ದಿನ ಎಲೆಯ ನೆರಳಿನಲ್ಲಿದ್ದ ಕಾಂಡ ಥಟ್ಟನೆ ಬಯಲಿಗೆ ಬಿದ್ದು ಸುಡುತ್ತದೆ. ನಿಮ್ಮ ಗಿಡದ ಒಂದು ಮಗ್ಗುಲು ಒಣಗಲು ಇದೂ ಕಾರಣವಾಗಿರಬಹುದು. ಚಳಿಗಾಲದ ಹೂ ಮುಗಿಯುತ್ತಿದ್ದಂತೆ, ಫೆಬ್ರವರಿ ಕೊನೆಯೊಳಗೆ, ಒಣಗಿದ ಹೂದಂಟುಗಳನ್ನು ಅವುಗಳ ಕೆಳಗಿನ ಒಂದೆರಡು ಜೋಡಿ ಎಲೆಗಳ ಸಹಿತ ತೆಗೆಯಿರಿ, ಅಷ್ಟಕ್ಕೇ ನಿಲ್ಲಿಸಿರಿ. ಆಕಾರ ಕೊಡುವ ಮುಖ್ಯ ಸವರುವಿಕೆಯನ್ನು ಮಳೆ ಹಿಂದೆ ಸರಿದ ಅಕ್ಟೋಬರ್‌ನಲ್ಲಿ ಮಾಡಿರಿ. ಆಗ ಬರುವ ಚಿಗುರಿಗೆ ಮುಂದೆ ಮೂರು ನಾಲ್ಕು ತಿಂಗಳ ತಂಪು ಸಿಗುತ್ತದೆ. ಕತ್ತರಿ ಹರಿತವಾಗಿರಲಿ, ಒದ್ದೆ ಗಿಡವನ್ನು ಮುಟ್ಟದಿರಿ.

ಇಷ್ಟಾದರೂ ಎರೆಮಣ್ಣಿನಲ್ಲಿ ಈ ಗಿಡ ಬಹುಕಾಲ ಬಾಳಲಾರದು ಎಂಬುದನ್ನು ಹೇಳದಿದ್ದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ಲ್ಯಾವೆಂಡರ್ ಮೆಡಿಟರೇನಿಯನ್ ಸುತ್ತಲಿನ ಕಲ್ಲುಗುಡ್ಡಗಳ ಗಿಡ. ನಮ್ಮ ಮಣ್ಣಿನಲ್ಲಿರುವ ಸುಣ್ಣದ ಅಂಶ ಅದಕ್ಕೆ ಒಗ್ಗುತ್ತದೆ, ಆದರೆ ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣಿನ ಗುಣ ಒಗ್ಗುವುದಿಲ್ಲ. ಸೆಪ್ಟೆಂಬರ್ ಮಳೆಯಲ್ಲಿ ನಾಲ್ಕು ದಿನ ಬುಡ ಕೆಸರಾದರೆ ಬೇರು ಕೊಳೆಯುತ್ತದೆ. ಆದ್ದರಿಂದ ಬರುವ ಅಕ್ಟೋಬರ್‌ನಲ್ಲಿ, ಚಿಗುರಿದ ಮಗ್ಗುಲಿನಿಂದ ಹೂ ಇಲ್ಲದ ಎಳೆಯ ಕುಡಿಗಳನ್ನು ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸಿ, ಕೆಳಗಿನ ಅರ್ಧ ಎಲೆ ಬಿಡಿಸಿ, ಒದ್ದೆ ಮರಳಿನಲ್ಲಿ ನೆರಳಿಗೆ ನೆಡಿರಿ. ಸುಮಾರು ನಾಲ್ಕರಿಂದ ಆರು ವಾರಗಳಲ್ಲಿ ಬೇರು ಬರುತ್ತದೆ. ಐದಾರು ಕುಡಿ ನೆಟ್ಟರೆ ಎರಡಾದರೂ ಉಳಿಯುತ್ತವೆ. ಅವುಗಳನ್ನು ತಳದಲ್ಲಿ ದೊಡ್ಡ ರಂಧ್ರವಿರುವ, ಒಂದಡಿ ಅಗಲದ ಮಣ್ಣಿನ ಕುಂಡಕ್ಕೆ ಬದಲಿಸಿರಿ. ಒಂದು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಸಣ್ಣ ಗರಸು, ಒಂದು ಹಿಡಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಾಕು. ತೆಂಗಿನ ನಾರಿನ ಪುಡಿ ನೀರು ಹಿಡಿಯುವುದರಿಂದ ಇಲ್ಲಿ ಬೇಡ. ಯೂರಿಯಾದಂತಹ ಗೊಬ್ಬರ ಕೊಟ್ಟರೆ ಸೊಪ್ಪು ಬರುತ್ತದೆಯೇ ಹೊರತು ಹೂವೂ ಸುವಾಸನೆಯೂ ಬರುವುದಿಲ್ಲ.

ಪ್ರಶ್ನೆ: ಇಂಗ್ಲಿಷ್ ಲ್ಯಾವೆಂಡರ್ ಎಂದು ಬರೆದಿದ್ದ ಬೀಜದಿಂದ ಬೆಳೆಸಿದ ಗಿಡ ಮೂರು ವರ್ಷವಾದರೂ ಹೂ ಬಿಟ್ಟಿಲ್ಲ. ಸವರುವುದರಲ್ಲಿ ತಪ್ಪಾಗಿದೆಯೇ?
— ಓದುಗರೊಬ್ಬರು, ರಾಯಚೂರು

ಉತ್ತರ: ಮೊಗ್ಗು ಮೂಡುವ ಕಾಲದಲ್ಲಿ ಪದೇ ಪದೇ ತುದಿ ಚಿವುಟುತ್ತಿದ್ದರೆ ಮಾತ್ರ ತಪ್ಪು ನಿಮ್ಮದು. ಇಲ್ಲವಾದರೆ ಕಾರಣ ಹವೆ. ಈ ಜಾತಿಗೆ ಚೆನ್ನಾಗಿ ಹೂ ಬಿಡಲು ದೀರ್ಘವಾದ, ನಿಜವಾದ ಚಳಿ ಬೇಕು. ಜಮ್ಮು ಪ್ರಾಂತದ ಭದರ್ವಾದಲ್ಲಿ ರೈತರು ಮೆಕ್ಕೆಜೋಳ ಬಿಟ್ಟು ಲ್ಯಾವೆಂಡರ್ ಬೆಳೆದು ಎಣ್ಣೆ ತೆಗೆಯುತ್ತಿರುವುದು ಆ ಬೆಟ್ಟಗಳಲ್ಲಿ ಹಿಮ ಬೀಳುವಷ್ಟು ಚಳಿ ಇರುವುದರಿಂದ. ರಾಯಚೂರಿನ ಡಿಸೆಂಬರ್ ಅದಕ್ಕೆ ಸಾಲದು. ಎಲೆಯಂಚು ಗರಗಸದಂತಿರುವ, ಫ್ರೆಂಚ್ ಲ್ಯಾವೆಂಡರ್ ಎಂದು ಮಾರುವ ಜಾತಿ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಲ್ಯಾವೆಂಡರ್ ವಂಶಕ್ಕೇ ಸೇರಿದ ಸೀಳೆಲೆಯ ಕಾಡುಗಿಡವೊಂದು ದಕ್ಷಿಣ ಭಾರತದ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತದೆ ಎಂಬುದು ಗಿಡಪ್ರಿಯರಿಗೆ ಸಂತೋಷದ ಸಂಗತಿ. ಈಗಿರುವ ಗಿಡವನ್ನು ಕೀಳಬೇಡಿರಿ. ಎಲೆಯಲ್ಲಿಯೂ ಸುವಾಸನೆ ಇದೆ.

ಪ್ರಶ್ನೆ: ಲ್ಯಾವೆಂಡರ್ ತುಳಸಿಯ ಜಾತಿಗೆ ಸೇರಿದ್ದು ಎಂದು ಕೇಳಿ ತುಳಸಿಯ ಪಕ್ಕದಲ್ಲೇ, ಒಂದೇ ಕಟ್ಟೆಯಲ್ಲಿ ನೆಟ್ಟೆ. ಎಲೆ ಹಳದಿಯಾಗಿ ಜೋತುಬಿದ್ದಿದೆ. ನಮ್ಮದು ಬೋರ್‌ವೆಲ್ ನೀರು. ಏನು ಮಾಡಲಿ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಒಂದೇ ಕುಟುಂಬವೆಂಬುದು ನಿಜ, ಪುದೀನವೂ ಅದೇ ಕುಟುಂಬದ್ದು. ಆದರೆ ನೀರಿನ ವಿಷಯದಲ್ಲಿ ಇವು ಒಂದೇ ಮನೆಯಲ್ಲಿ ಬಾಳುವಂಥವಲ್ಲ. ತುಳಸಿಗೆ ನಿತ್ಯ ಬೆಳಿಗ್ಗೆ ತಂಬಿಗೆ ನೀರು ತಪ್ಪದು; ಅದೇ ನೀರು ಲ್ಯಾವೆಂಡರಿನ ಬೇರನ್ನು ಕೊಳೆಸುತ್ತದೆ. ಮಣ್ಣು ಒದ್ದೆಯಾಗಿದ್ದೂ ಎಲೆ ಜೋತುಬಿದ್ದಿದ್ದರೆ ಅದು ಬಾಯಾರಿಕೆಯಲ್ಲ, ಬೇರಿನ ರೋಗ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಬೋರ್‌ವೆಲ್ ನೀರು ಸವಳಾಗಿದ್ದರೆ ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಹಾಗಿದ್ದಲ್ಲಿ ಸಂಗ್ರಹಿಸಿದ ಮಳೆನೀರನ್ನು ತಿಂಗಳಿಗೊಮ್ಮೆ ತಳದಿಂದ ಸೋರುವಷ್ಟು ಹಾಕಿ ಉಪ್ಪನ್ನು ತೊಳೆಯಿರಿ.

ಗಿಡವನ್ನು ಈ ವಾರವೇ ಮಣ್ಣುಸಹಿತ ಎತ್ತಿ, ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಿ, ಮೇಲೆ ಹೇಳಿದ ಮರಳು ಮಿಶ್ರಣದ ಕುಂಡಕ್ಕೆ ಬದಲಿಸಿರಿ. ಬೇರು ಕಡಿಮೆಯಾದ ಮೇಲೆ ಅಷ್ಟು ಎಲೆಗಳನ್ನು ಅದು ಸಾಕಲಾರದು, ಹೀಗಾಗಿ ಹಸಿರು ತುದಿಗಳನ್ನು ಹಗುರವಾಗಿ ಕತ್ತರಿಸಿರಿ. ಹತ್ತು ದಿನ ನೆರಳಿನಲ್ಲಿಟ್ಟು, ಆಮೇಲೆ ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಪೂರ್ವದ ಗೋಡೆಯ ಬದಿಗೆ ಇಡಿರಿ.